ನಾಗವಲ್ಲಿಯ ಮೈಮೇಲೆ ಬಂದವರು

ರಾಜ್ಯೋತ್ಸವದ ಆರ್ಕೆಸ್ಟ್ರಾಗಳಿಗೆ ನವೆಂಬರ್ ಒಂದೇ ತಿಂಗಳು ಸಾಲುವುದಿಲ್ಲ. ನಮ್ಮೂರು ಅಜ್ಜಂಪುರದಲ್ಲಿ ಒಂದು, ಶಿವನಿಯಲ್ಲಿ ಒಂದು, ಆಮೇಲೆ ತರೀಕೆರೆ, ಬೀರೂರು, ಕಡೂರು ಅಂತ ಸುತ್ತಿ ಮುಗಿಸುವಷ್ಟರಲ್ಲಿ ಡಿಸೆಂಬರ್ ಅರ್ಧ ಕಳೆದು, ಮುಂದಿನ ಸಾಲಿನ ಗಣ್ಯರು ಕನ್ನಡದ ಶಾಲಿನ ಮೇಲೆ ಕಂಬಳಿ ಹೊದ್ದಿರುತ್ತಾರೆ. ಕಳೆದ ಸಲ ನಮ್ಮೂರಿನ ವೇದಿಕೆಯಲ್ಲಿ ಭುವನೇಶ್ವರಿಯ ಫೋಟೋಗೆ ಹಾರ ಹಾಕಿ, ಗಡಿ–ನೆಲ–ಜಲದ ಬಗ್ಗೆ ಒಂದೂವರೆ ಗಂಟೆ ಭಾಷಣ ಮಾಡಿ, ನೆರೆರಾಜ್ಯದವರಿಗೆ ಮೈಕಿನಲ್ಲೇ ಎಚ್ಚರಿಕೆ ಕೊಟ್ಟಾದ ಮೇಲೆ ಹಾಡು ಶುರುವಾಯಿತು. ಮೂರು ಹಾಡು ಮುಗಿಯುವಷ್ಟರಲ್ಲಿ ಹುಡುಗರು ಸೀಟಿ ಹೊಡೆದು ಕೇಳಿದ್ದು ಒಂದೇ: "ರಾ ರಾ!"

ಗಾಯಕಿ ಹಾಡಿದಳು. ಪಲ್ಲವಿಯಿಂದಲೇ ಶುದ್ಧ ತೆಲುಗು. ಎಚ್ಚರಿಕೆ ಕೊಟ್ಟ ಗಣ್ಯರೇ ಮೊದಲು ಎದ್ದು ಕುಣಿದರು.

ನಾನು ಇದನ್ನು ದೂರಿನ ರೂಪದಲ್ಲಿ ಹೇಳುತ್ತಿಲ್ಲ. ಕನ್ನಡಕ್ಕೆ ಇದ್ದದ್ದರಲ್ಲಿ ಅತ್ಯಂತ ಜನಪ್ರಿಯವಾದ ದೆವ್ವ ಕನ್ನಡ ಮಾತಾಡುವುದಿಲ್ಲ ಎಂಬ ಸಂಗತಿಯನ್ನು ಗಮನಕ್ಕೆ ತರುತ್ತಿದ್ದೇನೆ, ಅಷ್ಟೆ. ‘ಆಪ್ತಮಿತ್ರ’ದ ನಾಗವಲ್ಲಿ ತೆಲುಗಿನವಳು. ಇದರಲ್ಲಿ ನಮಗೊಬ್ಬರಿಗೇ ಅವಮಾನವಾಗಿದೆ ಅಂತಲೂ ತಿಳಿಯಬೇಡಿ. ಮೂಲದ ಮಲಯಾಳಂ ‘ಮಣಿಚಿತ್ರತಾಳ್’ನಲ್ಲಿ ನಾಗವಲ್ಲಿ ತಂಜಾವೂರಿನವಳು, ತಮಿಳು ಮಾತಾಡುತ್ತಾಳೆ. ಅದೇ ಕಥೆ ತಮಿಳಿಗೆ ‘ಚಂದ್ರಮುಖಿ’ಯಾಗಿ ಹೋದಾಗ ತಮಿಳರು, ನಮ್ಮ ಭಾಷೆಯಲ್ಲಿ ದೆವ್ವವೇ ಅಂತ ಮೂಗು ಮುರಿದು, ಅವಳನ್ನು ಆಂಧ್ರಕ್ಕೆ ತಳ್ಳಿದರು. ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ ಅವಳು ಬಂಗಾಳದ ಮಂಜುಲಿಕಾ. ದೆವ್ವ ಯಾವಾಗಲೂ ಪಕ್ಕದ ರಾಜ್ಯದ್ದೇ! ಈ ದೇಶದಲ್ಲಿ ಭಾಷಾವಾರು ಪ್ರಾಂತ್ಯ ರಚನೆ ಜೀವಂತ ಇರುವವರಿಗೆ 1956ರಲ್ಲಿ ಆಯಿತು, ಸತ್ತವರಿಗೆ ಸಿನಿಮಾದವರು ಮಾಡಿಕೊಟ್ಟರು.

ಇಷ್ಟು ಯೋಚಿಸುತ್ತ ಕೂತಿದ್ದಾಗ, ನರ್ತಕಿ ಕೂದಲು ಬಿಚ್ಚಿ ಕಣ್ಣು ದೊಡ್ಡದು ಮಾಡುವ ಹೊತ್ತಿಗೆ ಸರಿಯಾಗಿ, ಕರೆಂಟ್ ಹೋಯಿತು. ಮೈದಾನ ಗವ್ ಅಂತು. ಹಿಂದಿನಿಂದ ಯಾರೋ ಕೂಗಿದರು: "ಬಂದ್ಲು!"

ಆ ಕತ್ತಲಲ್ಲಿ ಅರ್ಧ ಗಂಟೆ ಕೂರಬೇಕಾಯಿತು. ಈ ಬರಹ ಆ ಅರ್ಧ ಗಂಟೆಯದು.

ನಮ್ಮೂರಲ್ಲಿ ರೀಮೇಕ್ ಅಂದರೆ ಏನು ಅಂತ ಯಾರೂ ಗಾಂಧಿನಗರದವರಿಂದ ಕಲಿಯಬೇಕಾಗಿಲ್ಲ. ಇಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅದು ‘ಬೆಣ್ಣೆ ಚಾವಡಿ’. ಟಿಪ್ಪು ಬಂದು ಅಮೃತ ಮಹಲ್ ಅಂದ. ದನ ಅವೇ, ಕೊಂಬೂ ಅವೇ, ಬ್ಯಾನರ್ ಬದಲಾಯಿತು. ನಾಗವಲ್ಲಿಯ ಕಥೆಯೂ ಹೀಗೇ. ಕೇರಳದ ಮುಟ್ಟಂನ ಒಂದು ಹಳೇ ಮನೆತನದಲ್ಲಿ ನಡೆದ ದುರಂತದ ಸುದ್ದಿಯನ್ನು ಹಿಡಿದು ಮಧು ಮುಟ್ಟಂ ಎಂಬ ಲೇಖಕರು ಕಥೆ ಬರೆದರು. ಫಾಜಿಲ್ 1993ರಲ್ಲಿ ಅದನ್ನು ಸಿನಿಮಾ ಮಾಡಿದರು. ಹನ್ನೊಂದು ವರ್ಷ ಕಳೆದು ನಮ್ಮ ದ್ವಾರಕೀಶ್, ನಿರ್ಮಿಸಿದ ಚಿತ್ರಗಳೆಲ್ಲ ಮಗುಚಿ ಸಾಲ ಕುತ್ತಿಗೆಗೆ ಬಂದಿದ್ದ ಕಾಲದಲ್ಲಿ, ಮನಸ್ತಾಪವಾಗಿ ದೂರವಾಗಿದ್ದ ಗೆಳೆಯ ವಿಷ್ಣುವರ್ಧನರನ್ನು ಮತ್ತೆ ಕರೆತಂದು ಪಿ. ವಾಸು ಕೈಯಲ್ಲಿ ‘ಆಪ್ತಮಿತ್ರ’ ಮಾಡಿಸಿದರು. 2004ರ ಆಗಸ್ಟ್ 27ಕ್ಕೆ ತೆರೆಕಂಡಿತು. ಗಂಗಾ ಆಗಿ ಸೌಂದರ್ಯ, ಗಂಡನಾಗಿ ರಮೇಶ್ ಅರವಿಂದ್, ಮನೋವೈದ್ಯ ವಿಜಯ್ ಆಗಿ ವಿಷ್ಣು, ಸೌಮ್ಯಳಾಗಿ ಪ್ರೇಮಾ, ಆಚಾರ್ಯರಾಗಿ ಅವಿನಾಶ್, ನಾಗವಲ್ಲಿಯ ಎದುರುಮನೆಯ ಪ್ರಿಯಕರನಾಗಿ ಕುಣಿದ ಶ್ರೀಧರ್, ರಾಗಕ್ಕೆ ಗುರುಕಿರಣ್.

ನಾನು ತರೀಕೆರೆಯ ಥಿಯೇಟರಿನಲ್ಲಿ ನೋಡಿದ್ದು. ಪಕ್ಕದಲ್ಲಿ ಕೂತಿದ್ದ ಅಡಿಕೆ ವ್ಯಾಪಾರಿಯೊಬ್ಬರು ಇಂಟರ್‌ವಲ್ಲಿಗೆ ಮುಂಚೆಯೇ ಕೇಸು ಬಗೆಹರಿಸಿದ್ದರು. "ದೆವ್ವ ಸೌಮ್ಯನೇ ಕಣ್ರೀ. ಮನೇಲಿ ಬಡವ್ರ ಹುಡ್ಗಿ ಅವ್ಳೇ ಅಲ್ವಾ?" ಚಿತ್ರಕಥೆಯ ಇಡೀ ಜಾಣತನ ಈ ಒಂದು ಮಾತಿನ ಮೇಲೆ ನಿಂತಿದೆ. ಪಾತ್ರೆ ಒಡೆದರೆ, ಸೀರೆಗೆ ಬೆಂಕಿ ಬಿದ್ದರೆ, ಮನೆಯ ಹಂಗಿನಲ್ಲಿರುವ ಹುಡುಗಿಯ ಮೇಲೆ ಅನುಮಾನ. ಇಂಗ್ಲಿಷ್ ಬಲ್ಲ ಸೊಸೆ ಗಂಗಾಳ ಮೇಲೆ ಯಾರಿಗೂ ಬಾರದು. ನಾಲ್ಕು ಭಾಷೆಯ ಪ್ರೇಕ್ಷಕರು ನಾಲ್ಕು ಸಲ ಇದೇ ಹಳ್ಳಕ್ಕೆ ಬಿದ್ದರು ಅಂದರೆ ಕಥೆಗಾರ ನಮ್ಮನ್ನು ಚೆನ್ನಾಗಿಯೇ ಬಲ್ಲ.

ಇನ್ನು ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಾಗವಲ್ಲಿ ಗಂಗಾಳ ಮೈಮೇಲೆ ಬಂದಳು ಅನ್ನುತ್ತೀರಿ. ನಾಗವಲ್ಲಿಯ ಮೈಮೇಲೆ ಯಾರ್ಯಾರು ಬಂದಿದ್ದರು, ಲೆಕ್ಕ ಇಟ್ಟಿದ್ದೀರಾ?

ಮಲಯಾಳಂನಿಂದಲೇ ಶುರು ಮಾಡಿ. ನಿರ್ದೇಶಕ ಫಾಜಿಲ್. ಆದರೆ ಬೇಗ ಮುಗಿಯಲಿ ಅಂತ ಎರಡನೇ ಯೂನಿಟ್ ನೋಡಿಕೊಂಡದ್ದು ಪ್ರಿಯದರ್ಶನ್, ಸಿಬಿ ಮಲಯಿಲ್, ಸಿದ್ದಿಕ್–ಲಾಲ್. ನಾಲ್ವರೂ ಸ್ವಂತ ಹೆಸರಿನ ಮೇಲೆ ಟಿಕೆಟ್ ಮಾರಬಲ್ಲ ನಿರ್ದೇಶಕರು. ಮುಖ ಶೋಭನಾಳದ್ದು; ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕ್ಕೆ ಬಂದದ್ದು ಸ್ವಸ್ಥ ಮನರಂಜನೆ ನೀಡುವ ಜನಪ್ರಿಯ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ. ಅಸ್ವಸ್ಥೆಯ ಕಥೆಗೆ ಸ್ವಸ್ಥ ಮನರಂಜನೆಯ ಪದಕ! ಸರ್ಕಾರಕ್ಕೆ ಹಾಸ್ಯಪ್ರಜ್ಞೆ ಇಲ್ಲ ಅನ್ನುವವರು ಇದನ್ನು ಬರೆದಿಟ್ಟುಕೊಳ್ಳಿ. ಧ್ವನಿ? ಗಂಗಾಳಾಗಿ ಮಲಯಾಳಂ ಮಾತಾಡಿದ ದನಿ ಭಾಗ್ಯಲಕ್ಷ್ಮಿಯವರದ್ದು. ಎದೆ ಝಲ್ಲೆನ್ನುವಂತೆ ತಮಿಳಿನಲ್ಲಿ ಗದರಿದ ನಾಗವಲ್ಲಿಯ ದನಿಯೂ ಅವರದ್ದೇ ಅಂತ ಜನ ಎರಡು ದಶಕ ನಂಬಿಕೊಂಡಿದ್ದರು. ಅದು ದುರ್ಗಾ ಎಂಬ ತಮಿಳು ಡಬ್ಬಿಂಗ್ ಕಲಾವಿದೆಯದು ಅಂತ ಫಾಜಿಲ್ ಆಮೇಲೆ ಬಾಯಿಬಿಟ್ಟರು. ಅಷ್ಟು ವರ್ಷ ಆ ಹೆಣ್ಣುಮಗಳು ತನ್ನದೇ ದನಿಯನ್ನು ಟಿವಿಯಲ್ಲಿ ಕೇಳಿಸಿಕೊಂಡು, ಪಕ್ಕದ ಮನೆಯವರು ಬೇರೆಯವರನ್ನು ಹೊಗಳುವಾಗ ಸುಮ್ಮನಿದ್ದಿರಬೇಕು. ನನ್ನ ಪ್ರಕಾರ ಆ ಚಿತ್ರದ ನಿಜವಾದ ಅತೃಪ್ತ ಆತ್ಮ ಅದೊಂದೇ.

ದೆವ್ವದ ಸಿನಿಮಾದಲ್ಲಿ ದೆವ್ವ ಕಣ್ಣಿಗೆ ಕಾಣುತ್ತದೆ, ಕಾಣದವರು ಯೂನಿಟ್ಟಿನವರು. ನಮ್ಮ ಸ್ಟೇಷನ್ ರಸ್ತೆಯ ಟೀ ಅಂಗಡಿಯಲ್ಲಿ ಒಬ್ಬರು ಸಿಗುತ್ತಾರೆ, ಹೆಸರು ಬೇಡ. ಹರೆಯದಲ್ಲಿ ಬೀರೂರಿನಲ್ಲಿ ರೈಲು ಹತ್ತಿ ಗಾಂಧಿನಗರಕ್ಕೆ ಹೋಗಿ, ಹಲವು ವರ್ಷ ಸೆಟ್ಟುಗಳಲ್ಲಿ ಲೈಟು ಹೊತ್ತು, ಬೆನ್ನು ಹಿಡಿದುಕೊಂಡ ಮೇಲೆ ವಾಪಸ್ ಬಂದು ಈರುಳ್ಳಿ ಹಾಕಿದವರು. ದೆವ್ವದ ಸೀನುಗಳ ಬಗ್ಗೆ ಅವರಿಗೆ ಎಳ್ಳಷ್ಟೂ ಭಯವಿಲ್ಲ. "ಅಯ್ಯೋ, ದೆವ್ವದ್ದೇನು ಸಾರ್? ನಾವು ಸಾಂಬ್ರಾಣಿ ಹೊಗೆ ಹಾಕ್ಬೇಕು, ಫ್ಯಾನ್ ಹಿಡೀಬೇಕು, ಕೆಳಗಿಂದ ಮುಖಕ್ಕೆ ಲೈಟ್ ಬಿಡ್ಬೇಕು. ಆವಾಗ ಅದು ದೆವ್ವ. ಇಲ್ದಿದ್ರೆ ಪಾಪ, ಬೆಳಗಿನ ಜಾವ ಮೂರು ಗಂಟೇಲಿ ನಿದ್ದೆಗೆಟ್ಟ ಹೆಣ್ಣುಮಗಳು." ಬಾಟಾ ಬಾಕಿ ಉಳಿಸಿದ ನಿರ್ಮಾಪಕರ ಬಗ್ಗೆ ಕೇಳಿದರೆ ಮಾತ್ರ ಅವರ ಕಣ್ಣಲ್ಲಿ ನಿಜವಾದ ಭಯ ಕಾಣುತ್ತದೆ. ಅಂದಹಾಗೆ ಸಿನಿಮಾ ಯೂನಿಟ್ಟನ್ನೇ ದೆವ್ವ ಕಾಡುವ ಚಿತ್ರವನ್ನು ಉಪೇಂದ್ರ 1993ರಲ್ಲೇ ಮಾಡಿದ್ದರು, ‘ಶ್!’ ಅಂತ. ಪ್ರೇಕ್ಷಕರು ಆಗಲೂ ಲೈಟ್‌ಬಾಯ್ ಕಡೆ ನೋಡಲಿಲ್ಲ.

ದೂರದ ಉದಾಹರಣೆಯೇ ಬೇಕೆಂದರೆ ಹಿಚ್‌ಕಾಕ್ ಮಹಾಶಯರ ‘ಸೈಕೋ’ ಇದೆ, 1960ರದು. ದುಡ್ಡು ಉಳಿಸಲು ತನ್ನ ಟಿವಿ ಧಾರಾವಾಹಿಯ ಯೂನಿಟ್ಟನ್ನೇ ಕರೆತಂದು ಕಪ್ಪು ಬಿಳುಪಿನಲ್ಲಿ ಮುಗಿಸಿದರು. ಬಚ್ಚಲಲ್ಲಿ ಹರಿದ ರಕ್ತ ಚಾಕೊಲೇಟ್ ಪಾಕ. ಚಾಕು ಚುಚ್ಚಿದ ಸದ್ದು ಕರಬೂಜದ ಹಣ್ಣಿನದ್ದು. ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರು ಹಿಚ್‌ಕಾಕ್. ಬರ್ನಾರ್ಡ್ ಹರ್ಮನ್ ಮಾತು ಕೇಳದೆ ಪಿಟೀಲುಗಳನ್ನು ಕಿರುಚಿಸಿಟ್ಟರು. ಕೇಳಿದ ಮೇಲೆ ಹಿಚ್‌ಕಾಕ್ ತೆಪ್ಪಗಾದರು. ಎಲ್ಲ ಮುಗಿಯಿತು ಅಂದುಕೊಂಡಾಗ ಅವರ ಹೆಂಡತಿ ಆಲ್ಮಾ, ಸತ್ತು ಬಿದ್ದ ನಾಯಕಿ ಎಂಜಲು ನುಂಗಿದ್ದನ್ನು ಹಿಡಿದುಬಿಟ್ಟರು ಎಂಬ ಕಥೆ ಪ್ರಸಿದ್ಧ. ಅಂದರೆ ಜಗತ್ತನ್ನೇ ನಡುಗಿಸಿದ ಕೊಲೆಯಲ್ಲಿ ಒಬ್ಬ ಹಣ್ಣಿನ ವ್ಯಾಪಾರಿ, ಒಂದು ಡಬ್ಬಿ ಮಿಠಾಯಿ ಪಾಕ, ಮಾತು ಕೇಳದ ಸಂಗೀತಗಾರ ಮತ್ತು ಕಣ್ಣು ಚುರುಕಾದ ಹೆಂಡತಿ ಪಾಲುದಾರರು. ಹೆಸರು ಹಿಚ್‌ಕಾಕ್‌ದು.

ಈಗ ‘ಆಪ್ತಮಿತ್ರ’ದ ಕೊನೆಗೆ ಬನ್ನಿ. ಮನೋವೈದ್ಯ ಡಾಕ್ಟರ್ ವಿಜಯ್ ಎರಡೂವರೆ ಗಂಟೆ ಸಿನಿಮಾದ ಬಹುಭಾಗ, ಇದು ದೆವ್ವ ಅಲ್ಲ, ಮನಸ್ಸಿನ ಕಾಯಿಲೆ ಅಂತ ಸಾಧಿಸುತ್ತಾರೆ. ಸರಿ. ಹಾಗಾದರೆ ಔಷಧಿ ಕೊಡಬೇಕು. ಆದರೆ ಔಷಧಿ ಕೊಟ್ಟರೆ ಕ್ಲೈಮ್ಯಾಕ್ಸ್ ಆಗುವುದಿಲ್ಲವಲ್ಲ, ಹಾಗಾಗಿ ಆಚಾರ್ಯರನ್ನು ಕರೆಸಿ, ಮಂಡಲ ಬರೆಸಿ, ಹೋಮ ಹಾಕಿಸಿ, ಹೊಗೆಯ ನಡುವೆ ತಿರುಗುವ ಹಲಗೆಯೊಂದನ್ನು ಇಡಿಸುತ್ತಾರೆ. ಹಲಗೆಯ ಒಂದು ಮಗ್ಗುಲಲ್ಲಿ ಡಾಕ್ಟರು, ಇನ್ನೊಂದು ಮಗ್ಗುಲಲ್ಲಿ ಬೊಂಬೆ. ಕ್ಷಣದಲ್ಲಿ ಹಲಗೆ ಮಗುಚುತ್ತದೆ, ನಾಗವಲ್ಲಿ ಬೊಂಬೆಯ ಮೇಲೆ ಸೇಡು ತೀರಿಸಿಕೊಂಡು ಹೊರಡುತ್ತಾಳೆ, ಗಂಗಾ ಕಣ್ಣು ಬಿಡುತ್ತಾಳೆ.

ಡಾಕ್ಟರ್ ಗೆದ್ದರು ಅಂತ ವಿಚಾರವಾದಿಗಳು ಚಪ್ಪಾಳೆ ತಟ್ಟಿದರು. ಆಚಾರ್ಯರು ಗೆದ್ದರು ಅಂತ ಆಸ್ತಿಕರು ಕೈಮುಗಿದರು. ಇಬ್ಬರೂ ತಂತಮ್ಮ ಮನೆಗೆ ಸಂತೋಷವಾಗಿ ಹೋದರು, ಅದಕ್ಕೇ ಚಿತ್ರ ಆ ಪಾಟಿ ಓಡಿತು. ನನಗೆ ಮಾತ್ರ ಅವತ್ತಿನಿಂದ ಒಂದೇ ಪ್ರಶ್ನೆ. ಆ ಹಲಗೆ ಮಾಡಿದ ಬಡಗಿ ಯಾರು? ತಿರುಗಣಿಗೆ ಎಣ್ಣೆ ಸಾಲದೆ ಹಲಗೆ ಅರ್ಧಕ್ಕೆ ಸಿಕ್ಕಿಕೊಂಡಿದ್ದರೆ ಆವತ್ತು ಮನೋವಿಜ್ಞಾನವೂ ಹೋಗುತ್ತಿತ್ತು, ಮಂತ್ರವೂ ಹೋಗುತ್ತಿತ್ತು, ನಮ್ಮ ವಿಷ್ಣುವರ್ಧನರ ತಲೆಯೂ ಹೋಗುತ್ತಿತ್ತು. ಗಂಗಾಳನ್ನು ವಾಸಿ ಮಾಡಿದ್ದು ಬಡಗಿ. ಅವನ ಹೆಸರು ಯಾವ ಪೋಸ್ಟರಿನಲ್ಲೂ ಇಲ್ಲ.

ಹಾಗಂತ ನಿಜಜೀವನದಲ್ಲಿ ಮನೋವೈದ್ಯರು ಎಂಬವರು ಇಲ್ಲವೇ ಇಲ್ಲ ಅಂತಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ಮಾನಸಿಕ ಕಾಯಿಲೆ ಗುರುತಿಸಿ ಮಾತ್ರೆ ಕೊಡುವುದನ್ನು ಕಲಿಸಿದರು. ಅದು ‘ಬಳ್ಳಾರಿ ಮಾದರಿ’ ಅಂತ ದೇಶಕ್ಕೇ ಹೆಸರಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಆಮೇಲೆ ಅದೇ ನಿಮ್ಹಾನ್ಸ್ 2015–16ರಲ್ಲಿ ರಾಷ್ಟ್ರೀಯ ಸಮೀಕ್ಷೆ ಮಾಡಿದಾಗ ಕಂಡದ್ದು ಇದು: ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ, ಕಾಯಿಲೆಗೆ ತಕ್ಕಂತೆ ಶೇಕಡ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಇಲ್ಲ. ಅಷ್ಟೂ ಜನ ಎಲ್ಲಿಗೆ ಹೋಗುತ್ತಾರೆ? ಕೇಳುವುದೇನು, ತಾಯತ ಕಟ್ಟಿಸಿಕೊಳ್ಳುವಲ್ಲಿಗೆ. ಡಾಕ್ಟರ ಕಡೆ ಬಸ್ಸಿಗೆ ಹೋದರೆ ಯಾರಾದರೂ ನೋಡಿಬಿಟ್ಟಾರು ಎಂಬ ಭಯ. ದೆವ್ವ ಬಿಡಿಸುವವರ ಹತ್ತಿರ ಹೋಗುವುದಕ್ಕೆ ಆ ನಾಚಿಕೆ ಇಲ್ಲ. ಊರವರೇ ಟ್ರ್ಯಾಕ್ಟರ್ ಮಾಡಿಕೊಂಡು ಜೊತೆಗೆ ಬರುತ್ತಾರೆ.

ಮೈಮೇಲೆ ಬರುವುದರಲ್ಲಿ ಒಂದು ವ್ಯವಸ್ಥೆ ಇದೆ, ನೀವು ಗಮನಿಸಿರಬಹುದು. ದೇವರು ಬರುವುದಾದರೆ ಹೆಚ್ಚಾಗಿ ಗಂಡಸರ ಮೈಮೇಲೆ. ಅದಕ್ಕೆ ಹಣ್ಣುಕಾಯಿ. ದೆವ್ವ ಬರುವುದು ಸೊಸೆಯ ಮೈಮೇಲೆ. ಅದಕ್ಕೆ ಬೇವಿನ ಬರಲು. ಅತ್ತೆಯ ಎದುರು ಏಕವಚನದಲ್ಲಿ ಮಾತಾಡಲು, ಗಂಡನಿಗೆ "ಏಯ್" ಅನ್ನಲು, ಒಂದು ದಿನ ಒಲೆ ಹಚ್ಚದೆ ಮಲಗಿರಲು ನಮ್ಮ ಕಡೆ ಹೆಣ್ಣುಮಗಳಿಗೆ ಇರುವ ಲೈಸೆನ್ಸ್ ಅದೊಂದೇ. ಗಂಗಾಳದ್ದೂ ಅಷ್ಟೆ. ಗಂಡ ಆಫೀಸು, ಸೈಟು, ಫೋನು ಅಂತ ಓಡಾಡಿಕೊಂಡಿದ್ದ. ದೊಡ್ಡ ಬಂಗಲೆಯಲ್ಲಿ ಮಾತಾಡಲು ಯಾರೂ ಇಲ್ಲದೆ ಅವಳು ಗೋಡೆಯ ಮೇಲಿದ್ದ ಚಿತ್ರದ ಜೊತೆ ಮಾತಾಡಿದಳು. ಚಿತ್ರ ವಾಪಸ್ ಮಾತಾಡಿತು. ತಪ್ಪು ಚಿತ್ರದ್ದೇ?

ನಾಡಿನಲ್ಲಿ ಇದಕ್ಕೆ ಕಾನೂನೂ ಇದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ 2020ರಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುತ್ತೇನೆಂದು ಹೊಡೆದು ಬಡಿದರೆ ಅಪರಾಧ. ಜ್ಯೋತಿಷ, ವಾಸ್ತು ಹೇಳಿದರೆ ಅಪರಾಧವಲ್ಲ. ಅಂದರೆ ಬೇವಿನ ಸೊಪ್ಪು ಹಿಡಿದವನಿಗೆ ಜೈಲು, ಲ್ಯಾಪ್‌ಟಾಪ್ ಹಿಡಿದವನಿಗೆ ಟಿವಿ.

ಟಿವಿಯ ಮಾತು ಬಂತು. ನಾಗವಲ್ಲಿಯ ಮೈಮೇಲೆ ಕೊನೆಯದಾಗಿ ಬಂದವರು ಈ ಟಿವಿಯವರೇ, ಬಂದವರು ಇನ್ನೂ ಇಳಿದಿಲ್ಲ.

ಸೌಂದರ್ಯ ತೀರಿಕೊಂಡದ್ದು 2004ರ ಏಪ್ರಿಲ್ 17ರಂದು, ‘ಆಪ್ತಮಿತ್ರ’ ತೆರೆಗೆ ಬರುವ ನಾಲ್ಕು ತಿಂಗಳು ಮೊದಲು. ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟ ಪುಟ್ಟ ವಿಮಾನ ಜಕ್ಕೂರಿನಿಂದ ಏರಿ ಕೆಲವೇ ನಿಮಿಷದಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿತ್ತು. ಜೊತೆಯಲ್ಲಿದ್ದ ಅಣ್ಣನೂ ಸೇರಿ ನಾಲ್ವರು ಹೋದರು. ವಿಷ್ಣುವರ್ಧನ್ ಹೋದದ್ದು 2009ರ ಡಿಸೆಂಬರ್ 30ಕ್ಕೆ, ಮೈಸೂರಿನಲ್ಲಿ, ಹೃದಯಾಘಾತದಿಂದ. ಮುಂದಿನ ಭಾಗ ‘ಆಪ್ತರಕ್ಷಕ’ ಬಂದದ್ದು 2010ರ ಫೆಬ್ರವರಿಯಲ್ಲಿ. ಇಷ್ಟು ಸಾಕಾಯಿತು. ನಾಗವಲ್ಲಿಯ ಶಾಪ ಎಂಬ ಹೊಸ ಧಾರಾವಾಹಿ ಶುರು.

ಒಂದು ಪುಟ್ಟ ವಿಮಾನ ಏಕೆ ಬಿತ್ತು ಅಂತ ಕೇಳುವುದಕ್ಕೆ ತಾಂತ್ರಿಕ ಜ್ಞಾನ ಬೇಕು. ಐವತ್ತೊಂಬತ್ತಕ್ಕೇ ಒಬ್ಬ ನಟನ ಎದೆ ಏಕೆ ನಿಂತಿತು ಅಂತ ಕೇಳುವುದಕ್ಕೆ ವೈದ್ಯಕೀಯ ಜ್ಞಾನ ಬೇಕು. ನಾಗವಲ್ಲಿ ಮಾಡಿದಳು ಅನ್ನುವುದಕ್ಕೆ ಒಂದು ಕೆಂಪು ಲೈಟು, ಒಂದು ಗೆಜ್ಜೆ ಸದ್ದು ಸಾಕು. ಅದೂ ಎಂಥ ವಿಚಿತ್ರ ದೆವ್ವ ನೋಡಿ. ಮೊದಲು ಅವಳ ಪಾತ್ರ ಮಾಡಿದ ಶೋಭನಾಗೆ ರಾಷ್ಟ್ರಪ್ರಶಸ್ತಿ ಕೊಡಿಸಿದಳು. ‘ಚಂದ್ರಮುಖಿ’ಯ ಜ್ಯೋತಿಕಾಗೆ ಹೆಸರು ಕೊಡಿಸಿದಳು. ರಜನಿಕಾಂತ್‌ಗೆ ಮದ್ರಾಸಿನ ಶಾಂತಿ ಥಿಯೇಟರಿನಲ್ಲಿ ಎಂಟುನೂರಕ್ಕೂ ಹೆಚ್ಚು ದಿನ ಓಡುವ ಚಿತ್ರ ಕೊಟ್ಟಳು. ವಿದ್ಯಾ ಬಾಲನ್‌ಗೆ ಹಿಂದಿಯಲ್ಲಿ ನೆಲೆ ಕೊಟ್ಟಳು. ರಮೇಶ್, ಪ್ರೇಮಾ, ಅವಿನಾಶ್ ಎಲ್ಲರೂ ಸುಖವಾಗಿದ್ದಾರೆ, ಇರಲಿ. ತನ್ನನ್ನು ಕನ್ನಡಕ್ಕೆ ದುಡ್ಡು ಕೊಟ್ಟು ಕರೆಸಿದ ದ್ವಾರಕೀಶರ ಸಾಲ ತೀರಿಸಿದಳು. ಸಹಕಾರ ಸಂಘದವರೂ ಮಾಡದ ಕೆಲಸ! ದ್ವಾರಕೀಶ್ ಆಮೇಲೆ ಇಪ್ಪತ್ತು ವರ್ಷ ಬಾಳಿ, ಎಂಬತ್ತು ದಾಟಿ, 2024ರ ಏಪ್ರಿಲ್ 16ರಂದು ಹೋದರು. ಅಂದರೆ ಸೌಂದರ್ಯ ಹೋಗಿ ಇಪ್ಪತ್ತು ವರ್ಷ ತುಂಬಲು ಸರಿಯಾಗಿ ಒಂದು ದಿನ ಇರುವಾಗ. ಈ ಲೆಕ್ಕವನ್ನು ದಯವಿಟ್ಟು ಯಾವ ಚಾನೆಲಿನವರಿಗೂ ಹೇಳಬೇಡಿ. ನಮ್ಮ ನಮ್ಮಲ್ಲೇ ಇರಲಿ.

ಸೌಂದರ್ಯಳ ಹೆಸರು ಹೇಳಿದರೆ ಜನಕ್ಕೆ ಕಣ್ಣಿಗೆ ಕಾಡಿಗೆ ಮೆತ್ತಿಕೊಂಡ ಆ ಒಂದು ಮುಖವೇ ನೆನಪಾಗುವುದು ನನಗೆ ಬೇಸರ. ನಾಗವಲ್ಲಿಗೆ ಎರಡು ವರ್ಷ ಮೊದಲು ಅದೇ ಹೆಣ್ಣುಮಗಳು ಸ್ವಂತ ದುಡ್ಡು ಹಾಕಿ ‘ದ್ವೀಪ’ ನಿರ್ಮಿಸಿದ್ದರು. ನಾ. ಡಿಸೋಜರ ಕಾದಂಬರಿ, ಗಿರೀಶ್ ಕಾಸರವಳ್ಳಿಯವರ ನಿರ್ದೇಶನ. ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ಅಣೆಕಟ್ಟಿನ ನೀರು ದಿನದಿನ ಏರಿ ಏರಿ ಒಂದು ಮನೆಯನ್ನು ಸುತ್ತಿಕೊಳ್ಳುವ ಕಥೆ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಊರು ಕಳೆದುಕೊಂಡವರು ತರೀಕೆರೆ ಸೀಮೆಯಲ್ಲಿ ಎಷ್ಟು ಮಂದಿ ಇಲ್ಲ? ಅವರಿಗೆ ಕೇಳಿ, ಭಯಾನಕ ಚಿತ್ರ ಯಾವುದು ಅಂತ. ಅದಕ್ಕೆ ಹಿನ್ನೆಲೆ ಸಂಗೀತವೂ ಬೇಡ. ಇನ್ನು ಭದ್ರಾ ಮೇಲ್ದಂಡೆಗೆ ನಮ್ಮ ಅಜ್ಜಂಪುರದ ಹತ್ತಿರವೇ ಸುಮಾರು 7 ಕಿಲೋಮೀಟರ್ ಸುರಂಗ ಕೊರೆದಿದ್ದಾರೆ. ಆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯಾಯಿತು. ರಾಜ್ಯದವರು ಒಂದು ಪೈಸೆಯೂ ಬಂದಿಲ್ಲ ಅನ್ನುತ್ತಲೇ ಇದ್ದಾರೆ. ಎಲ್ಲರೂ ಅದರ ಬಗ್ಗೆ ಮಾತಾಡುತ್ತಾರೆ, ಗೆಜ್ಜೆ ಸದ್ದು ಕೇಳಿಸಿತು ಅನ್ನುತ್ತಾರೆ, ಕಣ್ಣಾರೆ ಕಂಡವರು ಯಾರೂ ಇಲ್ಲ. ಇದಕ್ಕಿಂತ ದೊಡ್ಡ ದೆವ್ವ ನಮ್ಮ ತಾಲ್ಲೂಕಿಗೆ ಬೇಕೇ?

ಸಿನಿಮಾದವರು ಕೇರಳದವರೆಗೆ ಹೋಗಿ ದೆವ್ವ ತಂದರಲ್ಲ, ನಮ್ಮೂರಲ್ಲೇ ಒಂದಿತ್ತು. ಅಜ್ಜಂಪುರ ಸೀತಾರಾಂ, ಅಂದರೆ ‘ಆನಂದ’. ಅವರ ‘ನಾನು ಕೊಂದ ಹುಡುಗಿ’ ಕಥೆ ಓದಿದ್ದೀರಾ? ಹಳ್ಳಿಗೆ ಬಂದ ಸುಶಿಕ್ಷಿತ ಅತಿಥಿ. ಪಟೇಲರ ಮನೆಯಲ್ಲಿ ಆದರ, ಆತಿಥ್ಯ. ಆ ಮನೆಯ ಮಗಳನ್ನು ಹರಕೆಯ ಹೆಸರಿನಲ್ಲಿ ಬಸವಿ ಬಿಟ್ಟಿದ್ದಾರೆ. ರಾತ್ರಿ ಅವಳು ಕೋಣೆಗೆ ಬರುತ್ತಾಳೆ. ಅದು ಸೇವೆ ಅಂತಲೇ ಅವಳು ನಂಬಿದವಳು. ಈತ ಅವಳನ್ನು ಮುಟ್ಟುವುದಿಲ್ಲ. ಬದಲಿಗೆ, ಇದೆಲ್ಲ ತಪ್ಪು ಅಂತ ತಿಳಿಹೇಳುತ್ತಾನೆ. ಬೆಳಗಾದರೆ ಹುಡುಗಿ ಬಾವಿಯಲ್ಲಿ.

ಸಾಂಬ್ರಾಣಿ ಹೊಗೆಯಿಲ್ಲ, ಬಿಚ್ಚಿದ ಕೂದಲಿಲ್ಲ, ತೆಲುಗಿಲ್ಲ. ಕೊಂದವನು ಒಳ್ಳೆಯವನು. ನಾನು ಮೊದಲ ಸಲ ಓದಿದಾಗ ಕಾಲೇಜಿನಲ್ಲಿದ್ದೆ, ಆ ವಾರವಿಡೀ ಯಾರಿಗೂ ಬುದ್ಧಿ ಹೇಳಲಿಲ್ಲ. ಅಂಕಣಕಾರನಾದ ಮೇಲೆ ಆ ಸಂಯಮ ಹೋಯಿತು ಅನ್ನಿ.

ಮನಸ್ಸಿನ ಭಯವನ್ನು ದೆವ್ವದ ಹಂಗಿಲ್ಲದೆ ತೋರಿಸಿದ ಸಿನಿಮಾವೂ ಕನ್ನಡದಲ್ಲಿದೆ. ಪುಟ್ಟಣ್ಣ ಕಣಗಾಲರ ‘ಶರಪಂಜರ’. ಕಾದಂಬರಿ ತ್ರಿವೇಣಿಯವರದು, ಅವರು ಕಾಲೇಜಿನಲ್ಲಿ ಓದಿದ್ದೇ ಮನಃಶಾಸ್ತ್ರ. ಅದರಲ್ಲಿ ಕಲ್ಪನಾಳ ಕಾವೇರಿ ಆಸ್ಪತ್ರೆಯಿಂದ ಪೂರ್ತಿ ವಾಸಿಯಾಗಿಯೇ ಮನೆಗೆ ಬರುತ್ತಾಳೆ. ಡಾಕ್ಟರು ತಮ್ಮ ಕೆಲಸ ನೆಟ್ಟಗೆ ಮಾಡಿದ್ದಾರೆ. ಮಿಕ್ಕದ್ದನ್ನು ಗಂಡ, ಬಂಧುಗಳು, ಅಡುಗೆಯವರು, ಅಕ್ಕಪಕ್ಕದವರು ಸೇರಿ ಮಾಡಿ ಮುಗಿಸುತ್ತಾರೆ. ಅವಳು ನಕ್ಕರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಸಿಟ್ಟಾದರೆ ಚಾಕು ಎತ್ತಿಡುತ್ತಾರೆ. ಕೊನೆಗೆ ಮತ್ತೆ ಆಸ್ಪತ್ರೆ. ಆ ಚಿತ್ರದ ಭಯಾನಕ ಪಾತ್ರವರ್ಗ ಥಿಯೇಟರಿನ ತುಂಬ ಟಿಕೆಟ್ ತಗೊಂಡು ಕೂತಿತ್ತು. ಅಳುತ್ತಲೂ ಇತ್ತು. ಅದನ್ನು ಯಾವ ಚಾನೆಲಿನವರೂ ಶಾಪ ಅನ್ನುವುದಿಲ್ಲ, ಏಕೆಂದರೆ ಪರಿಹಾರಕ್ಕೆ ಉಂಗುರ ಮಾರಲಾಗುವುದಿಲ್ಲ.

ಹೆಸರು ಬರೆಯುವ ವಿಷಯಕ್ಕೆ ಬಂದರೆ ನಮ್ಮ ತರೀಕೆರೆಯವರು ಎಂಟುನೂರು ವರ್ಷದ ಹಿಂದೆಯೇ ಮರ್ಯಾದೆ ಉಳಿಸಿಕೊಂಡಿದ್ದರು. ಅಮೃತಾಪುರಕ್ಕೆ ಹೋಗಿ ನೋಡಿ. 1196ರ ದೇವಸ್ಥಾನ. ಇಮ್ಮಡಿ ವೀರಬಲ್ಲಾಳನ ಕಾಲ, ಕಟ್ಟಿಸಿದವನು ದಂಡನಾಯಕ ಅಮೃತೇಶ್ವರ. ನಿರ್ಮಾಪಕನ ಹೆಸರು ದೇವರಿಗೂ ಊರಿಗೂ ಬಂತು, ಅದು ಯಾವ ಕಾಲದಲ್ಲೂ ಇದ್ದದ್ದೇ. ಆದರೆ ಅಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಹೆಸರೂ ಉಳಿದಿದೆ. ಶಾಸನಕ್ಕೆ ಪದ್ಯ ಹೊಸೆದವನು ಕವಿಚಕ್ರವರ್ತಿ ಜನ್ನ. ಸಂಭಾಷಣೆಕಾರನ ಹೆಸರೂ ಕಲ್ಲಿನ ಮೇಲಿದೆ ಅನ್ನಿ! ಆ ಟೈಟಲ್ ಕಾರ್ಡು ಇವತ್ತಿಗೂ ಓಡುತ್ತಿದೆ, ಯಾರೂ ಮಧ್ಯದಲ್ಲಿ ಎದ್ದು ಸ್ಕೂಟರ್ ತೆಗೆಯಲು ಹೋಗುವುದಿಲ್ಲ. ನಮ್ಮ ಕಾಲದ ಸಿನಿಮಾದಲ್ಲಿ ಕೊನೆಯ ಹೆಸರುಗಳು ಏರುವಷ್ಟರಲ್ಲಿ ಗೇಟಿನವನು ಲೈಟ್ ಹಾಕಿ, ಬಾಗಿಲು ತೆರೆದು, ಪೊರಕೆ ಹಿಡಿದು ನಿಂತಿರುತ್ತಾನೆ. ಬಡಗಿ, ದರ್ಜಿ, ಹೊಗೆ ಹಾಕಿದವ, ಕರಬೂಜ ಚುಚ್ಚಿದವ, ದನಿ ಕೊಟ್ಟ ದುರ್ಗಾ, ಎಲ್ಲರೂ ಪಾಪ್‌ಕಾರ್ನ್ ಕಸದ ಮೇಲೆ ಮೇಲಕ್ಕೇರಿ ಮಾಯ.

ಮೈದಾನದಲ್ಲಿ ಈ ಹೊತ್ತಿಗೆ ಕತ್ತಲಿಗೆ ಕಾರಣಗಳು ಮೂರಾಗಿದ್ದವು. ಮುಂದಿನ ಸಾಲಿನವರ ಪ್ರಕಾರ ವಿರೋಧ ಪಕ್ಷ. ಹೆಂಗಸರ ಕಡೆ, ಅಮಾವಾಸ್ಯೆ ಹತ್ತಿರ ಆ ಹಾಡು ಹಾಡಬಾರದಿತ್ತು. ಹುಡುಗರಿಗೆ ಅನುಮಾನವೇ ಇಲ್ಲ, ನಾಗವಲ್ಲಿ. ಒಬ್ಬಾತ ಆಗಲೇ ಕತ್ತಲನ್ನೇ ವಿಡಿಯೋ ಮಾಡಿ ಹತ್ತು ಜನಕ್ಕೆ ಕಳಿಸಿದ್ದ. ನನ್ನ ಹಿಂದೆ ಕೂತ ಅಜ್ಜಿ ಒಬ್ಬರು ಅಂತರಘಟ್ಟಮ್ಮನ ಜಾತ್ರೆಗೆ ಪಾನಕದ ಬಂಡಿ ಹೂಡುವ ಹರಕೆ ಹೊತ್ತರು. ಅರ್ಧ ಗಂಟೆಯಾದ ಮೇಲೆ ಫಳ್ ಅಂತ ಬೆಳಕು ಬಂತು. ಗಾಯಕಿ ಬಿಟ್ಟಲ್ಲಿಂದಲೇ ಹಿಡಿದಳು. ಚಪ್ಪಾಳೆ, ಸೀಟಿ. ನಿರೂಪಕರು ಮೈಕು ಹಿಡಿದು, ಈ ಸಂಭ್ರಮಕ್ಕೆ ಕಾರಣರಾದ ಮಹನೀಯರ ಹೆಸರು ಓದತೊಡಗಿದರು; ಪಟ್ಟಿ ಹಾಡಿಗಿಂತ ಉದ್ದ ಇತ್ತು.

ನಾನು ಎದ್ದು ಬಂದೆ. ಮೈದಾನದ ಮೂಲೆಯ ಕಂಬದಿಂದ ಲೈನ್‌ಮನ್ ಇಳಿಯುತ್ತಿದ್ದ. ಕೈಗೆ ಕಪ್ಪು ಮೆತ್ತಿತ್ತು, ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದ. ಟಾರ್ಚು ತೆಗೆದು ವೇದಿಕೆಯ ಕಡೆ ನೋಡಿದ.

"ಆಪ್ತಮಿತ್ರದ್ದಲ್ವಾ ಸಾರ್ ಆ ಹಾಡು?"

ಹೌದು ಅಂದೆ.

"ಕೊನೇಗೆ ಆ ಹೆಣ್ಣುಮಗಳಿಗೆ ಹುಷಾರಾಯ್ತಾ? ನಂಗೆ ಪಿಚ್ಚರ್ ಪೂರ್ತಿ ನೋಡಕ್ಕೇ ಆಗಿಲ್ಲ. ಟಿವೀಲಿ ಹಾಕ್ದಾಗೆಲ್ಲ ಎಲ್ಲಾದ್ರೂ ಒಂದ್ಕಡೆ ಕರೆಂಟ್ ಹೋಗ್ತದೆ, ಫೋನ್ ಬರ್ತದೆ, ಕಂಬ ಹತ್ತಬೇಕು."

"ಆಯ್ತು ಕಣಪ್ಪ, ಪೂರ್ತಿ ವಾಸಿಯಾಯ್ತು."

"ಯಾರ್ ಮಾಡಿದ್ದು? ಡಾಕ್ಟ್ರಾ, ಆಚಾರ್ರಾ?"

"ಬಡಗಿ" ಅಂದೆ.

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಬೈಕಿನ ಸೈಡ್ ಸ್ಟ್ಯಾಂಡ್ ಒದ್ದು, "ನಿಮಗೂ ಏನೋ ಬಂದಂಗಿದೆ ಸಾರ್, ಹುಷಾರಾಗ್ ಮನೆಗೋಗಿ" ಅಂದು ಶಿವನಿ ಕಡೆ ಹೊರಟ. ಅಲ್ಲೂ ಆರ್ಕೆಸ್ಟ್ರಾ ಇತ್ತಂತೆ.